ಸಂಜೆಯಾದರೆ ಹೋಗುತ್ತಿದ್ದ ದನಿ

ಮೊದಲು ಕೈಕೊಟ್ಟದ್ದು ದವಡೆ. ಇದನ್ನು ಹೇಳಿದಾಗೆಲ್ಲ ಕೇಳಿದವರು ನನ್ನ ಹಲ್ಲು ನೋಡುತ್ತಿದ್ದರು. ಹಲ್ಲುಗಳು ಕಲ್ಲಿನಷ್ಟು ಗಟ್ಟಿಯಾಗಿದ್ದವು. ಅಗಿಯುವ ಶಕ್ತಿ ಮಾತ್ರ ಊಟದ ನಡುವೆಯೇ, ಮುನಿಸಿಕೊಂಡ ನೆಂಟರ ಹಾಗೆ, ಎದ್ದು ಹೋಗುತ್ತಿತ್ತು. ಬಾಯಲ್ಲಿ ತುತ್ತು ಇರುತ್ತಿತ್ತು, ಮುಂದೇನು ಮಾಡಬೇಕೆಂದು ತೋಚುತ್ತಿರಲಿಲ್ಲ.

ನಮ್ಮ ಬಡಾವಣೆಯಲ್ಲಿ, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ ಒಂದರಲ್ಲಿ ಈಚೆಗೆ ಒಬ್ಬರು ಬಳಿ ಬಂದು, ನಿಮಗೇನೋ ಆಗಿತ್ತಂತಲ್ಲ, ಈಗ ಹೇಗಿದೀರಿ ಎಂದು ವಿಚಾರಿಸಿದರು. ಚೆನ್ನಾಗಿದೀನಿ ಅಂದೆ. ಏನಾಗಿತ್ತು ಎಂಬುದನ್ನು ಕೈಯಲ್ಲಿ ಪೇಪರ್ ಪ್ಲೇಟು ಹಿಡಿದುಕೊಂಡು ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಡಾಕ್ಟರು "ಏನೂ ಇಲ್ಲ" ಎಂದು ಕಳಿಸಿದ ಮೇಲೂ ಮೈಯಲ್ಲಿ ಏನೋ ಇದೆಯೆಂದು ತಿಳಿದವರು ಎಲ್ಲಾದರೂ ಒಬ್ಬರು ಇದನ್ನು ಓದಿದರೆ ಸಾಕು.

ನನ್ನ ಹೆಸರು ಸುಧಾ. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಈಗ ಇರುವುದು ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನಲ್ಲಿ. ಇಲ್ಲಿನ ದೊಡ್ಡ ವೇರ್‌ಹೌಸ್ ಒಂದರಲ್ಲಿ ಲಾರಿಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಡಿಸ್‌ಪ್ಯಾಚ್ ಕೆಲಸ ನನ್ನದು. ದಿನವಿಡೀ ಫೋನಿನಲ್ಲಿ ಡ್ರೈವರುಗಳ ಜೊತೆ ಮಾತು, ಹಲವು ಸಲ ಜಗಳ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುವುದುಂಟಲ್ಲ, ನಾನು ಆ ಪೈಕಿ. ಗಂಡ ಗಿರೀಶ್ ಧಾರವಾಡದವರು. ಮಿಶಿಗನ್ನಿನ ಸೌತ್‌ಫೀಲ್ಡ್‌ನಲ್ಲಿ ಅವರ ಆಫೀಸು. ವೀಸಾ ಆ ಕೆಲಸಕ್ಕೇ ಕಟ್ಟಿಕೊಂಡಿರುವುದರಿಂದ ಬಿಟ್ಟು ಬರುವ ಹಾಗಿಲ್ಲ. ಸೋಮವಾರ ನಸುಕಿನಲ್ಲಿ ಕಾರು ಹತ್ತಿದರೆ ವಾಪಸ್ಸು ಬರುವುದು ಶುಕ್ರವಾರವೇ. ನಡುವಿನ ದಿನಗಳಲ್ಲಿ ನಮ್ಮ ಸಂಸಾರ ನಡೆಯುವುದು ಸಂಜೆಯ ಫೋನಿನಲ್ಲಿ. ಮಗಳು ಅನಘಾ ಎಂಟನೇ ಗ್ರೇಡು. ದವಡೆ ಕೈಕೊಟ್ಟ ಆ ವರ್ಷದ ಶರತ್ಕಾಲದಲ್ಲಿ ಅತ್ತೆಯೂ ಧಾರವಾಡದಿಂದ ಬಂದು ನಮ್ಮ ಜೊತೆ ಇದ್ದರು.

ಅತ್ತೆ ಬಂದ ಮೊದಲ ವಾರವೇ ಜೋಳದ ಹಿಟ್ಟು ಹುಡುಕಿಸಿ ತರಿಸಿ ರೊಟ್ಟಿ ಬಡಿದರು. ಮಧ್ಯಾಹ್ನ ಎರಡು ರೊಟ್ಟಿ ಎಣ್ಣೆಗಾಯಿಯ ಜೊತೆ ತಿಂದೆ. ರಾತ್ರಿ ಅದೇ ರೊಟ್ಟಿಯ ಕಾಲು ಭಾಗಕ್ಕೆ ದವಡೆ ನಿಂತುಹೋಯಿತು. ತಟ್ಟೆಯಲ್ಲಿ ಬಿಟ್ಟು ಎದ್ದೆ. ಮಾರನೆಯ ದಿನವೂ ಹಾಗೇ ಆಯಿತು. ಸೊಸೆ ಮೈಸೂರಿನವಳು, ಮದುವೆಯಾಗಿ ಇಷ್ಟು ವರ್ಷವಾದರೂ ರೊಟ್ಟಿ ಒಗ್ಗಿಲ್ಲ ಎಂದು ಅವರು ತಿಳಿದರು. ತಿಳಿಯದೆ ಇನ್ನೇನು ಮಾಡಿಯಾರು. ನಾಲ್ಕನೆಯ ದಿನ ತಟ್ಟೆ ಎತ್ತುತ್ತಾ, "ನಮ್ಮ ರೊಟ್ಟಿ ನಿಂಗ ಸೇರಂಗಿಲ್ಲ ಬಿಡವಾ. ಅನ್ನ ಉಣ್ಣೂ ಮಂದಿ ನೀವು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಹಾಗಲ್ಲ ಅತ್ತೆ ಎಂದು ವಿವರಿಸಲು ಹೊರಟೆ. ಆ ಹೊತ್ತಿಗೆ ನಾಲಿಗೆಯೂ ದಣಿದಿತ್ತು. ಮಾತು ಮೂಗಿನಿಂದ ಬಂದು, ಏನು ಹೇಳಿದೆನೆಂದು ಅವರಿಗೆ ತಿಳಿಯಲಿಲ್ಲ.

ದನಿ ಹೋಗುತ್ತಿದ್ದುದು ಹೀಗೆಯೇ. ಬೆಳಿಗ್ಗೆ ಎದ್ದಾಗ ಎಂದಿನ ನನ್ನ ದನಿ ಇರುತ್ತಿತ್ತು. ಮಧ್ಯಾಹ್ನದ ಮೇಲೆ ಮಾತಿನ ಅಂಚು ಸವೆಯುತ್ತಾ ಬಂದು ಸಂಜೆಗೆ ಬರೀ ಗೊಣಗು ಉಳಿಯುತ್ತಿತ್ತು. ಮುಖವೂ ಅಷ್ಟೇ. ನಕ್ಕರೆ ತುಟಿಯ ತುದಿ ಮೇಲೇಳದೆ ಬಾಯಿ ಅಡ್ಡಕ್ಕೆ ಎಳೆದುಕೊಳ್ಳುತ್ತಿತ್ತು. ಅನಘಾ ಒಂದು ಸಂಜೆ ತನ್ನ ಶಾಲೆಯ ತಮಾಷೆ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, "ಮಾಮ್, ವೈ ಆರ್ ಯೂ ಮ್ಯಾಡ್ ಅಟ್ ಮೀ?" ಎಂದು ಕೇಳಿದಳು, ನನ್ನ ಮೇಲೆ ಯಾಕೆ ಸಿಟ್ಟು ಎಂದು. ನಾನು ನಗುತ್ತಿದ್ದೆ. ಆಮೇಲೆ ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದೆ. ಕನ್ನಡಿಯಲ್ಲಿದ್ದವಳನ್ನು ಕಂಡರೆ ನಾನೂ ಹೆದರುತ್ತಿದ್ದೆ.

ಆಫೀಸಿನಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಒಬ್ಬ ಡ್ರೈವರು ನನ್ನ ಮೇಲೆ ದೂರು ಕೊಟ್ಟ. ಮಧ್ಯಾಹ್ನದ ಶಿಫ್ಟಿನಲ್ಲಿ ಡಿಸ್‌ಪ್ಯಾಚಿನ ಹೆಂಗಸು ಕುಡಿದು ಮಾತಾಡುತ್ತಾಳೆ ಎಂದು. ಮ್ಯಾನೇಜರ್ ಒಳ್ಳೆಯವನು. ಬಾಗಿಲು ಮುಂದೆ ಮಾಡಿ, ಮನೆಯಲ್ಲಿ ಎಲ್ಲ ಸರಿ ಇದೆಯಾ ಎಂದು ಮೆತ್ತಗೆ ಕೇಳಿದ. ನಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವಳಲ್ಲ. ಅದನ್ನು ಹೇಳಿದೆ, ಆದರೆ ಹೇಳಿದ್ದು ಮತ್ತದೇ ತೊದಲು ದನಿಯಲ್ಲಿ. ಅವನು ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ಡಾಕ್ಟರರನ್ನು ನೋಡಿ ಬಾ, ಅಲ್ಲಿಯವರೆಗೆ ಫೋನು ಬೇಡ, ಸ್ಕ್ರೀನಿನ ಕೆಲಸ ಮಾಡು ಎಂದ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅತ್ತುಬಿಟ್ಟೆ. ಅಳುವುದಕ್ಕೂ ಮುಖದ ಸ್ನಾಯು ಬೇಕೆಂದು ಅಂದು ತಿಳಿಯಿತು.

ನ್ಯೂರಾಲಜಿಸ್ಟ್ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾದೆ. ಸಿಕ್ಕಿದ್ದು ಬೆಳಗಿನ ಹೊತ್ತಿನದು, ಅಂದರೆ ನಾನು ಚೆನ್ನಾಗಿರುವ ಹೊತ್ತು. ವೇಟಿಂಗ್ ರೂಮಿನ ಟೀವಿಯಲ್ಲಿ ಯಾರೋ ಅಡುಗೆಮನೆ ಒಡೆದು ಹೊಸದು ಕಟ್ಟುತ್ತಿದ್ದರು. ಅದನ್ನು ನೋಡುತ್ತಾ ದೇವರೇ, ಒಳಗೆ ಹೋದಾಗಲಾದರೂ ನನ್ನ ದನಿ ಕೆಡಲಿ ಎಂದು ಬೇಡಿಕೊಂಡೆ. ಕೆಡಲಿಲ್ಲ. ಆದರೂ ಡಾಕ್ಟರು ಗಮನವಿಟ್ಟು ಕೇಳಿದರು. ಮಯಸ್ತೇನಿಯಾ ಎಂಬ ಕಾಯಿಲೆ ಇರಬಹುದು, ನರದ ಮಾತು ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ ಎಂದರು. ಅದಕ್ಕೆ ಮಾಡುವ ಮಾಮೂಲಿ ರಕ್ತಪರೀಕ್ಷೆ ಮಾಡಿಸಿದರು. ಏನೂ ಇಲ್ಲ ಎಂದು ಬಂತು. ಕೆಲವರಿಗೆ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಮಾತ್ರೆ ಕೊಟ್ಟು ನೋಡೋಣ, ಇದು ಅದೇ ಕಾಯಿಲೆಯಾಗಿದ್ದರೆ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ ಎಂದರು.

ಆ ಮಾತ್ರೆಯ ಹೆಸರು ಪಿರಿಡೊಸ್ಟಿಗ್ಮಿನ್. ಇಂಟರ್‌ನೆಟ್ಟಿನಲ್ಲಿ ಅದನ್ನು ನುಂಗಿದವರ ಮಾತು ಓದಿದೆ. ಜೋತುಬಿದ್ದ ರೆಪ್ಪೆ ಎದ್ದು ನಿಂತಿತು, ಮಗುವಿನ ಹೆಸರು ಕರೆಯಲು ಬಂತು ಎಂದೆಲ್ಲ ಬರೆದಿದ್ದರು. ಅಷ್ಟು ಆಸೆಯಿಂದ ಯಾವ ಪ್ರಸಾದವನ್ನೂ ನಾನು ಬಾಯಿಗೆ ಹಾಕಿಕೊಂಡವಳಲ್ಲ. ಒಂದು ಗಂಟೆಯಲ್ಲಿ ಗೊತ್ತಾದದ್ದು ಬೇರೆಯೇ. ಹೊಟ್ಟೆ ಹಿಂಡಿತು. ಬಾಯಲ್ಲಿ ನೀರು ಸುರಿಯತೊಡಗಿ ಅದನ್ನು ನುಂಗಲಾಗದೆ ಟವೆಲ್ ಹಿಡಿದು ಕೂತೆ. ಮೀನಖಂಡ, ರೆಪ್ಪೆ, ತುಟಿ ಎಲ್ಲ ತಾವಾಗಿಯೇ ಪಟಪಟ ಅದುರಿದವು. ದನಿ ಇನ್ನೂ ಹಾಳಾಯಿತು. ಫೋನ್ ಮಾಡಿ ಹೇಳಿದಾಗ, ಸ್ವಲ್ಪ ಹೆಚ್ಚು ತೆಗೆದುಕೊಂಡು ನೋಡಿ ಎಂದರು. ತೆಗೆದುಕೊಂಡೆ. ಇನ್ನೂ ಹೆಚ್ಚಾಯಿತು.

ಮುಂದಿನ ಭೇಟಿಯಲ್ಲಿ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ಪರೀಕ್ಷೆಯೂ ಇಲ್ಲ ಅನ್ನುತ್ತಿದೆ, ಮಾತ್ರೆಯೂ ಹಿಡಿಯಲಿಲ್ಲ, ಹಾಗಾದರೆ ಇದು ಆ ಕಾಯಿಲೆಯಲ್ಲ ಎಂದರು. ಗಂಡ ವಾರವೆಲ್ಲ ದೂರ, ಕೆಲಸದಲ್ಲಿ ಒತ್ತಡ, ಮನೆಯಲ್ಲಿ ಅತ್ತೆ ಎಂದು ನಾನೇ ಕೊಟ್ಟ ಉತ್ತರಗಳನ್ನು ಒಂದೊಂದಾಗಿ ನನ್ನ ಮುಂದೆ ಇಟ್ಟರು. ಕೌನ್ಸೆಲರ್ ಒಬ್ಬರ ಹೆಸರು ಹೇಳಿದರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಅವರಿಗೆ ತಿಳಿದಷ್ಟರಲ್ಲಿ ಲೆಕ್ಕ ಸರಿಯಾಗಿಯೇ ಇತ್ತು.

ಗಿರೀಶ್ ಆ ಸಂಜೆ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. ಅವರಿಗೆ ಹಗುರವಾದದ್ದು ಉಸಿರಿನಲ್ಲೇ ತಿಳಿಯಿತು. "ಡಾಕ್ಟರ್ ಏನೂ ಇಲ್ಲ ಅಂದಾರ ಸುಧಾ, ಖುಷಿ ಪಡು" ಎಂದರು. ಆಮೇಲೆ, "ಮುಂಜಾನಿ ಛಲೋ ಮಾತಾಡ್ತಿ. ಸಂಜಿಗೆ ನಾ ಫೋನ್ ಹಚ್ಚಿದಾಗಷ್ಟ ಹಿಂಗ್ಯಾಕ ಆಗತೈತಿ? ನನ್ನ ಮ್ಯಾಲೆ ಏನಾರ ಸಿಟ್ಟೈತೇನ?" ಎಂದು ಕೇಳಿದರು. ಮನಸ್ಸನ್ನು ಗಟ್ಟಿ ಮಾಡಿಕೋ ಎಂದೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿತು. ಹಳೆಯ ನಾನಾಗಿದ್ದರೆ ಅರ್ಧ ಗಂಟೆ ಜಗಳವಾಡಿ ಗೆದ್ದು ಬರುತ್ತಿದ್ದೆ. ಈಗ ಜಗಳವಾಡಲು ದನಿಯೇ ಇಲ್ಲ, ದನಿ ಇಲ್ಲದಿರುವುದೇ ನನ್ನ ಮೇಲಿನ ಆರೋಪ. ಕಾಯಿಲೆ ಏನೇ ಇರಲಿ, ಹದಿನೇಳು ವರ್ಷ ಜೊತೆಗಿದ್ದ ಮನುಷ್ಯ ನನ್ನ ಮಾತನ್ನು ನಂಬುತ್ತಿಲ್ಲ ಎಂಬುದೊಂದೇ ನನ್ನನ್ನು ಒಳಗೊಳಗೇ ತಿಂದಿತು. ಕೆಲವು ದಿನ, ಅವರೇ ಸರಿಯಿರಬಹುದೇ ಎಂದು ನನಗೂ ಅನುಮಾನ ಬಂತು.

ಮೊದಲು ನಂಬಿದವರು ಅತ್ತೆ. ಒಂದು ಭಾನುವಾರ ಅರೋರಾದ ಬಾಲಾಜಿ ಗುಡಿಗೆ ಹೋಗಿದ್ದೆವು. ದರ್ಶನ ಮುಗಿಸಿ ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಗೊಂಡು ಕೂತೆವು. ನಾನು ಬಲಗೈಯಲ್ಲಿ ತಿನ್ನುತ್ತಾ ಎಡಗೈಯ ಎರಡು ಬೆರಳನ್ನು ಗದ್ದದ ಕೆಳಗಿಟ್ಟು ದವಡೆಯನ್ನು ಎತ್ತಿ ಎತ್ತಿ ಅಗಿಯುತ್ತಿದ್ದೆ. ಹಾಗೆ ಮಾಡುವುದು ನನಗೆ ಯಾವಾಗ ಅಭ್ಯಾಸವಾಯಿತೋ ತಿಳಿಯದು. ಎದುರಿನ ಮೇಜಿನ ಪರಿಚಯದ ಆಂಟಿಯೊಬ್ಬರು, ಏನು ಸುಧಾ, ಅಷ್ಟೊಂದು ಯೋಚನೆ ಮಾಡ್ತಾ ಊಟ ಮಾಡ್ತೀಯಲ್ಲ ಎಂದು ನಕ್ಕರು. ಅತ್ತೆ ನಗಲಿಲ್ಲ. ನನ್ನ ಬೆರಳನ್ನೂ ಗದ್ದವನ್ನೂ ನೋಡುತ್ತಾ ತಮ್ಮ ಊಟ ಬಿಟ್ಟು ಕೂತಿದ್ದರು. ಮಾರನೆಯ ದಿನದಿಂದ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ, ಕೈಯಿಂದ ಕಿವುಚಿ, ಬಟ್ಟಲಿನಲ್ಲಿ ಕೊಡತೊಡಗಿದರು. ಸಂಜೆಗೆ ನುಚ್ಚು, ಗಂಜಿ. ಮಗನಿಗೆ ಫೋನಿನಲ್ಲಿ, ಇದು ಮನಸ್ಸಿನ ರೋಗವಲ್ಲ ಎಂದು ಹೇಳಿದರಂತೆ. ಅವ್ವಾ, ನಿನಗೆ ಇಲ್ಲಿನದು ತಿಳಿಯುವುದಿಲ್ಲ ಎಂದು ಮಗ ಹೇಳಿದರಂತೆ.

ಕ್ರಿಸ್‌ಮಸ್ ರಜೆಗೆ ನಾವೆಲ್ಲ ಗಿರೀಶ್ ವಾರವಿಡೀ ಉಳಿಯುವ ಸೌತ್‌ಫೀಲ್ಡಿನ ಅಪಾರ್ಟ್‌ಮೆಂಟಿಗೆ ಹೋದೆವು. ಜಾಗ ಬದಲಾದರೆ ನನಗೆ ಒಳ್ಳೆಯದಾಗುತ್ತದೆ ಎಂಬುದು ಗಿರೀಶ್ ಲೆಕ್ಕ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಮೂರನೆಯ ದಿನ ನನಗೆ ನೆಗಡಿ ಹಿಡಿದು ಗಂಟಲು ಕಟ್ಟಿತು. ಇಲ್ಲಿರುವ ನಮ್ಮವರ ಮನೆಗಳಲ್ಲಿ ಒಂದು ಸ್ಟೀಲ್ ಡಬ್ಬಿ ಇದ್ದೇ ಇರುತ್ತದೆ. ಊರಿಗೆ ಹೋದಾಗ ಪರಿಚಯದ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಜ್ವರದ್ದು, ಹೊಟ್ಟೆಯದು, ಗಂಟಲಿನದು ಎಲ್ಲ ಮಾತ್ರೆಗಳೂ ಅದರಲ್ಲಿ ಕೂಡಿರುತ್ತವೆ. ಅರ್ಜೆಂಟ್ ಕೇರ್ ಕ್ಲಿನಿಕ್ಕಿಗೆ ಹೋಗಿ ನಾಲ್ಕು ಗಂಟೆ ಕಾದು, ನೀರು ಕುಡಿಯಿರಿ ಅನ್ನಿಸಿಕೊಂಡು ಬರುವುದಕ್ಕಿಂತ ಇದೇ ವಾಸಿ ಎಂದು ನಾವೆಲ್ಲ ನಂಬಿದ್ದೇವೆ. ಗಿರೀಶ್ ಡಬ್ಬಿ ತೆಗೆದು ಒಂದು ಆಂಟಿಬಯಾಟಿಕ್ ಸ್ಟ್ರಿಪ್ ಹುಡುಕಿದರು. ನಿನ್ನ ದನಿ ಕೆಟ್ಟಿರುವುದೂ ಈ ಕಫದಿಂದಲೇ, ಇದನ್ನು ಮುಗಿಸು, ಎಲ್ಲ ಸರಿಹೋಗುತ್ತದೆ ಎಂದು ಬಿಸಿನೀರಿನ ಜೊತೆ ಕೊಟ್ಟರು. ನನ್ನಂಥವರಿಗೆ ಕೆಲವು ಆಂಟಿಬಯಾಟಿಕ್‌ಗಳು ವಿಷವಿದ್ದ ಹಾಗೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮಾರನೆಯ ಮಧ್ಯಾಹ್ನ ಕತ್ತು ನಿಲ್ಲದಾಯಿತು. ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಸೋಫಾದಲ್ಲಿ ಕೂತಿದ್ದೆ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗುಟುಕು ನೀರು ಮೂಗಿನಿಂದ ವಾಪಸ್ಸು ಬಂತು. ಗಿರೀಶ್ ನನ್ನ ಎದುರು ಮಂಡಿಯೂರಿ ಕೂತು, ಏನಾಗುತ್ತಿದೆ ಹೇಳು, ಹೇಳು ಎಂದು ಕೇಳುತ್ತಲೇ ಇದ್ದರು. ಹೇಳಲು ಗಾಳಿ ಇರಲಿಲ್ಲ. ನಾನು ಅವರ ಕೈ ತೆಗೆದು ನನ್ನ ಎದೆಯ ಮೇಲಿಟ್ಟೆ. ಎದೆ ಏಳುತ್ತಿರಲಿಲ್ಲ. ಅವರ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ಕಂಡೆ. ಒಳಗಿನಿಂದ ಬಂದ ಅತ್ತೆ, ಇನ್ನೇನು ನೋಡ್ತಿ, ಗಾಡಿ ಕರಿ ಎಂದು ಮಗನನ್ನು ಗದರಿದರು.

ಆಸ್ಪತ್ರೆಯ ಮೊದಲ ಎರಡು ದಿನ ನನಗೆ ತುಂಡುತುಂಡಾಗಿ ನೆನಪಿದೆ. ಮುಖಕ್ಕೆ ಬಿಗಿದ ಮಾಸ್ಕು, ಅದರೊಳಗಿಂದ ಬಲವಂತವಾಗಿ ಒಳಗೆ ನುಗ್ಗುವ ಗಾಳಿ. ಇದಕ್ಕೂ ಆಗದಿದ್ದರೆ ಗಂಟಲಿಗೆ ಟ್ಯೂಬ್ ಹಾಕುತ್ತೇವೆ ಎಂದು ಯಾರೋ ಹೇಳಿದ್ದು. ಸಾವಿನ ಭಯ ನಾನಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ನನಗೆ ಏನಾಗಿತ್ತೆಂದು ಯಾರಿಗೂ ತಿಳಿಯದೆ ಹೋಗುತ್ತೇನೆ, ಮನಸ್ಸಿನ ಕಾಯಿಲೆಯಿಂದ ಹೋದಳು ಅನ್ನುತ್ತಾರೆ ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು. ರಾತ್ರಿಪಾಳಿಯ ನರ್ಸ್ ಒಬ್ಬಳು ಬಂದಾಗೆಲ್ಲ ಮಾಸ್ಕಿನ ಅಂಚಿನಲ್ಲಿ ಸುಲಿದ ನನ್ನ ಮೂಗಿಗೆ ಮುಲಾಮು ಹಚ್ಚಿ, ಈಗ ನಾನೇನು ಮಾಡುತ್ತೇನೆ ಎಂದು ಮೊದಲೇ ಹೇಳಿ, ಆಮೇಲೆ ಮುಟ್ಟುತ್ತಿದ್ದಳು. ಮಾತು ಬಾರದವಳಿಗೆ ಅದು ಎಷ್ಟು ದೊಡ್ಡ ಉಪಕಾರವೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ.

ಮೂರನೆಯ ದಿನ ನರ ಮತ್ತು ಸ್ನಾಯುಗಳ ಕಾಯಿಲೆಯನ್ನೇ ನೋಡುವ ಡಾಕ್ಟರ್ ಒಬ್ಬರು ಬಂದರು. ನೆರೆತ ಕೂದಲಿನ, ಸಣ್ಣ ಮೈಕಟ್ಟಿನ ಹೆಂಗಸು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಹಿಂದಿನ ಪರೀಕ್ಷೆಗಳನ್ನು ನೋಡಿಕೊಂಡೇ ಬಂದಿದ್ದರು. ಪಿರಿಡೊಸ್ಟಿಗ್ಮಿನ್ ಮಾತ್ರೆಯಿಂದ ಒಂದಿಷ್ಟಾದರೂ ಗುಣವಾಯಿತಾ ಎಂದು ಕೇಳಿದರು. ನಾನು ತಲೆಯಾಡಿಸಲೂ ಆಗದೆ ಬೆರಳಾಡಿಸಿದೆ. ಗಿರೀಶ್ ನನ್ನ ಪರವಾಗಿ, ಗುಣವಾಗುವುದಿರಲಿ, ಇನ್ನೂ ಕೆಟ್ಟಿತು, ಮೈಯೆಲ್ಲ ಅದುರುತ್ತಿತ್ತಂತೆ ಎಂದರು. ಡಾಕ್ಟರು ಪೆನ್ನು ಕೆಳಗಿಟ್ಟು, ಎಷ್ಟು ದಿನದಿಂದ ಇವರು ಹೀಗೆ ಹೇಳುತ್ತಿದ್ದಾರೆ ಎಂದು ಕೇಳಿದರು.

ಗಿರೀಶ್ ಇಂಗ್ಲಿಷಿನಲ್ಲಿ, ಅವಳು ಮೊದಲಿನಿಂದಲೂ ಹೇಳುತ್ತಲೇ ಇದ್ದಳು, ನಾನೇ ನಂಬಲಿಲ್ಲ ಎಂದರು. ಡಾಕ್ಟರಿಗೆ ಹೇಳುವಂತೆ ಹೇಳಿದರೂ ಅದನ್ನು ನನಗೇ ಹೇಳುತ್ತಿದ್ದರು. ಮಾಸ್ಕಿನ ಪಕ್ಕದಿಂದ ನನ್ನ ಕಣ್ಣೀರು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲು ಕೈ ಎತ್ತಲಾಗಲಿಲ್ಲ. ಅವರೇ ಒರೆಸಿದರು.

ಮಾತ್ರೆ ಹಿಡಿಯಲಿಲ್ಲ ಎಂಬ ಅದೇ ಸಂಗತಿಯಿಂದ ಒಬ್ಬ ಡಾಕ್ಟರು ನನಗೆ ಕಾಯಿಲೆಯೇ ಇಲ್ಲ ಎಂದು ತೀರ್ಮಾನಿಸಿದ್ದರು. ಇವರು ಅದರಿಂದಲೇ, ಕಾಯಿಲೆ ಯಾವುದೆಂದು ನನಗೆ ಗೊತ್ತಾದಂತಿದೆ ಎಂದರು. ಮಾಮೂಲಿ ಪರೀಕ್ಷೆ ಹುಡುಕದ ಇನ್ನೊಂದು ಬಗೆಯ ಮಯಸ್ತೇನಿಯಾ ಇದೆ, ಅದರ ರಕ್ತಪರೀಕ್ಷೆ ಬೇರೆ, ಕಳಿಸುತ್ತೇನೆ, ಉತ್ತರ ಬರುವವರೆಗೆ ಕಾಯುವುದಿಲ್ಲ ಎಂದು ಅಂದೇ ಚಿಕಿತ್ಸೆ ಶುರು ಮಾಡಿಸಿದರು. ರಕ್ತವನ್ನು ಯಂತ್ರದ ಮೂಲಕ ಹರಿಸಿ, ಅದರ ತಿಳಿಭಾಗವನ್ನು ತೆಗೆದು ಬೇರೆಯದನ್ನು ತುಂಬಿ ಒಳಗೆ ಬಿಡುವುದು. ಎರಡನೆಯ ಸಲ ಅದು ಮುಗಿದ ಮೇಲೆ ಮಾಸ್ಕ್ ತೆಗೆದು ನೋಡಿದರು. ಗಿರೀಶ್ ಹೆಸರು ಕರೆದೆ. ಸಂಜೆಯಾಗಿತ್ತು, ಮೂರು ಅಕ್ಷರವೂ ಕೇಳಿಸಿತು.

ವಾರದ ಮೇಲೆ ಪರೀಕ್ಷೆಯ ಉತ್ತರ ಬಂತು. ಆ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ತಿಳಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನರ ಸ್ನಾಯುವನ್ನು ಮುಟ್ಟುವ ಜಾಗದಲ್ಲಿ, ಸ್ನಾಯುವಿನ ಕೋಶದ ಮೈಮೇಲೆ, ನರ ಕಳಿಸಿದ ಸಂದೇಶವನ್ನು ಹಿಡಿಯುವ ರಿಸೆಪ್ಟರ್‌ಗಳಿರುತ್ತವೆ. ಅವು ಒಂದೇ ಕಡೆ ಒತ್ತೊತ್ತಾಗಿ ಗುಂಪುಗೂಡಿ ನಿಂತರೆ ಮಾತ್ರ ಕೆಲಸ. ಹಾಗೆ ಅವನ್ನು ಗುಂಪುಗೂಡಿಸುವ ಪ್ರೋಟೀನ್ ಒಂದಿದೆ, ಮಸ್ಕ್ ಎಂದು ಅದರ ಹೆಸರು. ನನ್ನ ದೇಹ ಅದರ ಮೇಲೆಯೇ ಜಗಳಕ್ಕೆ ನಿಂತಿತ್ತು. ರಿಸೆಪ್ಟರ್‌ಗಳು ಸತ್ತಿರಲಿಲ್ಲ, ಚದುರಿಹೋಗಿದ್ದವು.

ಅತ್ತೆಗೆ ಇಂಗ್ಲಿಷ್ ಬಾರದು. ನಾನು ಕನ್ನಡದಲ್ಲಿ ಹೇಳಿದೆ. ಗುಡಿಯಲ್ಲಿ ಅರ್ಚಕರು ಉದ್ಧರಣೆಯಿಂದ ತೀರ್ಥ ಹಾಕುತ್ತಾರಲ್ಲ, ಎಲ್ಲರೂ ಒತ್ತಾಗಿ ನಿಂತು ಕೈಯೊಡ್ಡಿದರೆ ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ಸಿಗುತ್ತದೆ. ನನ್ನ ಮೈಯಲ್ಲಿ ಕೈಯೊಡ್ಡುವವರೆಲ್ಲ ಮೂಲೆಮೂಲೆಗೆ ಚದುರಿದ್ದರು. ಆ ಮಾತ್ರೆ ಮಾಡುವುದು ತೀರ್ಥವನ್ನು ಹೆಚ್ಚು ಹೊತ್ತು ಉಳಿಸುವ ಕೆಲಸ. ಕೈಯೇ ಇಲ್ಲದ ಕಡೆ ಹೆಚ್ಚು ಸುರಿದರೆ ನೆಲವೆಲ್ಲ ಒದ್ದೆ, ಕಾಲು ಜಾರುವುದೊಂದೇ ಲಾಭ. ಅತ್ತೆ ಯೋಚಿಸಿ, "ಹಂಗಾರ ಸುರಿಯೂದ ಬಿಟ್ಟು ಮಂದೀನ ಒಟ್ಟು ಮಾಡಬೇಕಲಾ" ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಡಾಕ್ಟರು ಹೌದೆಂದರು. ಒಟ್ಟು ಮಾಡುವ ಔಷಧ ಇನ್ನೂ ಕೈಗೆ ಬಂದಿಲ್ಲ, ಆದರೆ ಚದುರಿಸುವವರನ್ನು ತಡೆಯುವ ಔಷಧ ಇದೆ, ತಡೆದರೆ ಅವು ತಾವೇ ಮತ್ತೆ ಕೂಡುತ್ತವೆ ಎಂದರು. ಪಿರಿಡೊಸ್ಟಿಗ್ಮಿನ್ ಮಾತ್ರೆಯನ್ನು ಇನ್ನೆಂದೂ ಮುಟ್ಟಬೇಡಿ ಎಂದರು.

ರಿಟುಕ್ಸಿಮ್ಯಾಬ್ ಎಂಬ ಆ ಔಷಧವನ್ನು ಡ್ರಿಪ್ಪಿನಲ್ಲಿ ಕೊಡುತ್ತಾರೆ. ಇನ್ಶೂರೆನ್ಸಿನವರು ಒಪ್ಪಲು ಸತಾಯಿಸಿದರು. ಗಿರೀಶ್ ಆಫೀಸಿಗೆ ರಜೆ ಹಾಕಿ ಫೋನಿನ ಮೇಲೆ ಫೋನ್ ಮಾಡಿ ಒಪ್ಪಿಸಿದರು. ಶಿಕಾಗೋದ ಇನ್‌ಫ್ಯೂಷನ್ ಸೆಂಟರಿನ ಒರಗು ಕುರ್ಚಿಗಳಲ್ಲಿ ನನ್ನಂಥವರು ಸಾಲಾಗಿ ಕೂತಿರುತ್ತಿದ್ದರು. ಕಾಯಿಲೆ ಬೇರೆಬೇರೆ, ಕಂಬಳಿ ಒಂದೇ ಥರದ್ದು, ಬಿಸಿ ಮಾಡಿ ತಂದು ಹೊದಿಸುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ನನ್ನದೇ ಕಾಯಿಲೆಯ, ಆದರೆ ಮಾಮೂಲಿ ಬಗೆಯ, ಒಬ್ಬ ಹಿರಿಯರು ಸಿಕ್ಕರು. ನನಗೆ ಹೊಟ್ಟೆ ಹಿಂಡಿಸಿದ್ದ ಅದೇ ಮಾತ್ರೆಯನ್ನು ಜೇಬಿನಿಂದ ತೆಗೆದು ನುಂಗಿ, ಇದಿಲ್ಲದಿದ್ದರೆ ನನಗೆ ಬದುಕೇ ಇಲ್ಲ ಎಂದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗುಣವಾದದ್ದು ಒಂದು ದಿನದಲ್ಲಲ್ಲ. ಹಿಮ ಕರಗುವ ಹೊತ್ತಿಗೆ ಕತ್ತು ನಿಂತಿತು. ಮರಗಳು ಚಿಗುರುವ ಹೊತ್ತಿಗೆ ಅನ್ನ ಅಗಿದೆ. ಅತ್ತೆ ವೀಸಾ ಎಕ್ಸ್‌ಟೆನ್ಷನ್ ಮಾಡಿಸಿಕೊಂಡು ಉಳಿದರು. ಗಿರೀಶ್ ಮಾತ್ರ ಬದಲಾಗಿಬಿಟ್ಟಿದ್ದರು. ಸೌತ್‌ಫೀಲ್ಡಿನಿಂದ ದಿನಕ್ಕೆ ಐದಾರು ಸಲ ಫೋನು. ನಾನು ಕೆಮ್ಮಿದರೆ ಮಾತು ನಿಲ್ಲಿಸುತ್ತಿದ್ದರು. ನಾನು ಏನು ಅಂದರೂ ಹೂಂ, ಏನು ಕೇಳಿದರೂ ಸರಿ. ನನ್ನ ಜೊತೆ ವಾದಿಸುವುದನ್ನೇ ಬಿಟ್ಟಿದ್ದರು. ಮೊದಮೊದಲು ಹಿತವಾಗಿತ್ತು. ಬರುಬರುತ್ತಾ ಐಸಿಯೂವಿನಿಂದ ನನ್ನನ್ನು ಇನ್ನೂ ಯಾರೂ ಹೊರಗೆ ಕರೆತಂದಿಲ್ಲ ಅನ್ನಿಸತೊಡಗಿತು. ಅವರು ನನ್ನ ಮಾತು ಕೇಳುತ್ತಿರಲಿಲ್ಲ, ನನ್ನ ದನಿಯನ್ನು ತಪಾಸಣೆ ಮಾಡುತ್ತಿದ್ದರು.

ಜೂನ್ ತಿಂಗಳ ಒಂದು ದಿನ ಮ್ಯಾನೇಜರನ ಬಳಿ ಹೋಗಿ, ನಾನು ಫೋನಿನ ಕೆಲಸಕ್ಕೆ ವಾಪಸ್ಸು ಬರುತ್ತೇನೆ ಎಂದೆ. ಅವನಿಗೆ ಆಶ್ಚರ್ಯವಾಯಿತು. ನಿನ್ನ ಗಂಡ ಚಳಿಗಾಲದಲ್ಲೇ ಫೋನ್ ಮಾಡಿ, ಅವಳು ಇನ್ನು ಆ ಕೆಲಸ ಮಾಡುವುದಿಲ್ಲ ಎಂದು ಹೇಳಿದ್ದರಲ್ಲ, ಅದಕ್ಕೇ ಆ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದೇವೆ ಎಂದ. ಈ ವಾರದೊಳಗೆ ಹೇಳು, ಹುಡುಕುವುದನ್ನು ನಿಲ್ಲಿಸುತ್ತೇನೆ ಎಂದೂ ಹೇಳಿದ.

ಸಂಜೆ ಏಳಕ್ಕೆ ಗಿರೀಶ್ ಫೋನ್ ಬಂತು. ಉಪಚಾರದ ಮಾತಿಗೆ ಬಿಡದೆ ನೇರ ವಿಷಯಕ್ಕೆ ಬಂದೆ. ಅವರು ಮೊದಲು ಎಂದಿನ ಹಾಗೆ ಮೆತ್ತಗಿದ್ದರು, ಆಮೇಲೆ ನೋಡೋಣ ಎಂದರು. ನೋಡುವುದೇನಿಲ್ಲ, ಬರುವ ಸೋಮವಾರದಿಂದ ಹೋಗುತ್ತೇನೆ ಎಂದೆ. ಅವರ ದನಿ ಏರಿತು. ಆ ಡ್ರೈವರುಗಳ ಜೊತೆ ದಿನವಿಡೀ ಒದರಾಡಿ ಮತ್ತೆ ಮಾಸ್ಕ್ ಹಾಕಿಸಿಕೊಳ್ಳಬೇಕೇ ಎಂದು ಕೇಳಿದರು. ನನ್ನನ್ನು ಕೇಳದೆ ನನ್ನ ಪರವಾಗಿ ಮಾತು ಕೊಡಲು ನೀವು ಯಾರು ಎಂದೆ. ನಿನ್ನ ಗಂಡ ಎಂದರು. ನಾನು ಸುಮ್ಮನಾಗಲಿಲ್ಲ. ಎಷ್ಟೋ ಹೊತ್ತು ವಾದ ನಡೆಯಿತು. ಅವರ ಮಾತಿನಲ್ಲೂ ನಿಜವಿತ್ತು. ಕಾಯಿಲೆ ಹೋಗಿಲ್ಲ, ಸುಮ್ಮನಿದೆ ಅಷ್ಟೇ, ಔಷಧವನ್ನು ಮತ್ತೆ ಕೊಡಬೇಕಾಗಬಹುದು. ಅದು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು.

"ನನ್ನ ಗಂಟಲು ನಂದು ರೀ" ಎಂದೆ. "ಆಗ್ತಿಲ್ಲ ಅಂತ ಹೇಳಿದಾಗ ನೀವು ನಂಬ್ಲಿಲ್ಲ. ಈಗ ಆಗುತ್ತೆ ಅಂತಿದೀನಿ. ಈಗ್ಲಾದ್ರೂ ನಂಬಿ."

"ಏನರ ಮಾಡ್ಕೋ ಹೋಗ" ಎಂದು ಸಿಟ್ಟಿನಿಂದ ಹೇಳಿ ಫೋನ್ ಇಟ್ಟುಬಿಟ್ಟರು. ಆಸ್ಪತ್ರೆಗೆ ಹೋದಾಗಿನಿಂದ ಅವರು ನನ್ನ ಮೇಲೆ ಸಿಟ್ಟಾಗಿದ್ದು ಅದೇ ಮೊದಲು. ಅಡುಗೆಮನೆಯ ಮೇಜಿನ ಬಳಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದ ಅತ್ತೆ ತಲೆ ಎತ್ತಿ ಏನಾಯಿತೆಂದು ಕೇಳಿದರು.

"ನಿಮ್ಮ ಮಗ ಫೋನ್ ಇಟ್ಟ್‌ಬಿಟ್ರು ಅತ್ತೆ."

"ನೀ ಮಾತಾಡೂದು ಮುಗೀತೇನ?"

ನುಂಗಿ ನೋಡಿದೆ. ನಾಲಿಗೆ ಹೊರಳಿಸಿ ನೋಡಿದೆ. ಹೊರಗೆ ಬೆಳಕಿನ್ನೂ ಇತ್ತು.

"ಇಲ್ಲ" ಎಂದೆ.

"ಮತ್ತ ಹಚ್ಚು" ಎಂದರು.

ಹಚ್ಚಿದೆ.